ಹದಿನೆಂಟು ವರ್ಷದ ಮೊಬೈಲ್ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಬಹುದೇ?

ಪ್ರಶ್ನೆ: ಹೊಳೆಯಂಚಿನ ಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮದು ತೋಟದ ನಡುವಿನ ಒಂಟಿಮನೆ. ಮನೆಯಲ್ಲಿ 79 ವರ್ಷದ ಮಾವನವರು, ಅತ್ತೆಯವರು, ತೋಟ ನೋಡಿಕೊಳ್ಳುವ ನಮ್ಮ ಯಜಮಾನರು ಮತ್ತು ನಾನು ಇದ್ದೇವೆ. ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ.

2007ರಿಂದ ಮನೆಯ ಮೂರೂ ಸಂಖ್ಯೆಗಳು ಒಂದೇ ಕಂಪನಿಯಲ್ಲಿವೆ. ಹೊಳೆಯಾಚೆಯ ಗುಡ್ಡದ ಮೇಲಿರುವ ಟವರ್‌ನಿಂದ ನಮಗೆ ಸಿಗ್ನಲ್ ಬರುತ್ತದೆ. ಬೇಸಿಗೆಯಲ್ಲಿ ಜಗುಲಿಯ ಕಿಟಕಿಯ ಪಕ್ಕ ನಿಂತರೆ ಮಾತು ಸ್ಪಷ್ಟವಾಗಿ ಕೇಳುತ್ತದೆ, ಅಡಿಗೆಮನೆಗೆ ಕಾಲಿಟ್ಟರೆ ಕಡಿದುಹೋಗುತ್ತದೆ. ಅಷ್ಟಕ್ಕೆ ನಾವು ಹೊಂದಿಕೊಂಡಿದ್ದೆವು. ಕಿಟಕಿಯ ಸರಳಿಗೆ ಒಂದು ಬಟ್ಟೆಯ ಚೀಲ ಕಟ್ಟಿ ಫೋನುಗಳನ್ನು ಅದರಲ್ಲಿಟ್ಟಿರುತ್ತೇವೆ. ರಿಂಗಾದಾಗ ಹತ್ತಿರವಿದ್ದವರು ಎತ್ತಿಕೊಳ್ಳುತ್ತಾರೆ.

ಕಳೆದ ವರ್ಷದ ಪುನರ್ವಸು ಮಳೆಯಲ್ಲಿ ನಡೆದದ್ದನ್ನು ಮಾತ್ರ ಮರೆಯಲಾಗುತ್ತಿಲ್ಲ. ಮಧ್ಯಾಹ್ನ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು, ಸಂಜೆಯ ಹೊತ್ತಿಗೆ ಫೋನಿನಲ್ಲಿ ಸಿಗ್ನಲ್ ಕೂಡ ಹೋಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಮಾವನವರಿಗೆ ಉಸಿರು ಕಟ್ಟತೊಡಗಿದಾಗ ಜೀಪಿನವರಿಗೆ ಫೋನ್ ಮಾಡಲು ಸಾಧ್ಯವಾಗಲಿಲ್ಲ. ಯಜಮಾನರು ಕಂಬಳಿಕೊಪ್ಪೆ ಹಾಕಿಕೊಂಡು, ಬ್ಯಾಟರಿ ಹಿಡಿದು, ದಣಪೆ ದಾಟಿ ಒಂದೂವರೆ ಕಿಲೋಮೀಟರು ನಡೆದು ಜೀಪಿನವರ ಮನೆಯ ಬಾಗಿಲನ್ನೇ ತಟ್ಟಬೇಕಾಯಿತು. ಆ ಮುಕ್ಕಾಲು ಗಂಟೆ ಮಾವನವರ ಬೆನ್ನು ನೀವುತ್ತಾ ಕುಳಿತಿದ್ದ ಅತ್ತೆಯವರು ಒಂದು ಮಾತನ್ನೂ ಆಡಲಿಲ್ಲ. ದೇವರ ದಯೆಯಿಂದ ಮಾವನವರು ಚೇತರಿಸಿಕೊಂಡರು. ಮರುವಾರ ಕಂಪನಿಗೆ ದೂರು ಕೊಟ್ಟೆ. ಮೂರನೆಯ ದಿನ ದೂರನ್ನು ಬಗೆಹರಿಸಲಾಗಿದೆ ಎಂಬ ಸಂದೇಶ ಬಂತು. ಆದರೆ ಅಂದು ಸಂಜೆ ಕರೆಂಟ್ ಹೋದಾಗ ಮತ್ತೆ ಅದೇ ಕಥೆಯಾಯಿತು.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದಾಗಲೇ ನೆಂಟರು ಬಿಎಸ್‌ಎನ್‌ಎಲ್‌ಗೆ ಬನ್ನಿ ಎಂದು ಒತ್ತಾಯಿಸಿದ್ದರು. ಈಗ ಅದಕ್ಕೂ 4ಜಿ ಬಂದಿದೆ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಜಿಯೋ ಎನ್ನುತ್ತಾರೆ, ಮಗ ಏರ್‌ಟೆಲ್ ಎನ್ನುತ್ತಾನೆ. ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದು ನನಗೆ ಮುಖ್ಯವಲ್ಲ, ಮಳೆಗಾಲದ ರಾತ್ರಿ ಒಂದು ಕರೆ ಹೋಗಬೇಕು. ಆದರೆ ಬ್ಯಾಂಕ್, ಅಡಿಕೆ ಸೊಸೈಟಿ, ಆಧಾರ್, ಮಾವನವರ ಪಿಂಚಣಿ ಎಲ್ಲವೂ ಇದೇ ಸಂಖ್ಯೆಗಳಿಗೆ ಅಂಟಿಕೊಂಡಿರುವುದರಿಂದ ಕೈಹಾಕಲು ಹೆದರಿಕೆಯಾಗುತ್ತದೆ. ಮಾವನವರು ಬಳಸುವುದು ಹಳೆಯ ಕೀಪ್ಯಾಡ್ ಫೋನು. ಬದಲಾಯಿಸುವುದು ಸರಿಯೇ, ಸರಿಯಾದರೆ ಯಾವ ಕಂಪನಿಯೆಂದು ಹೇಗೆ ತೀರ್ಮಾನಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.


ಉತ್ತರ: ಟವರ್ ಕೆಲಸದಲ್ಲಿದ್ದವನು, ಸಾಗರ

ಮೇಡಂ, ನಿಮ್ಮ ಪತ್ರ ಓದಿ ಸಂಕಟವಾಯಿತು. ನಾನು ಇಪ್ಪತ್ತೆರಡು ವರ್ಷ ಟವರ್‌ಗಳ ನಿರ್ವಹಣೆಯಲ್ಲಿದ್ದು ಈಗ ನಿವೃತ್ತನಾಗಿದ್ದೇನೆ. ನೀವು ಬರೆದಿರುವುದನ್ನು ನೋಡಿದರೆ ಆ ರಾತ್ರಿ ಕೈಕೊಟ್ಟದ್ದು ಟವರ್‌ನ ವಿದ್ಯುತ್ತೇ ಹೊರತು ನಿಮ್ಮ ಮನೆಗೆ ಬರುವ ಸಿಗ್ನಲ್ ಅಲ್ಲ. ಕರೆಂಟ್ ಹೋದ ಮೇಲೆ ಟವರ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಡೀಸೆಲ್ ಜನರೇಟರ್ ಇರಬೇಕು, ಇದ್ದರೂ ಅದರಲ್ಲಿ ಡೀಸೆಲ್ ಇರಬೇಕು. ರಸ್ತೆಗೆ ಮರ ಬಿದ್ದ ದಿನ ಡೀಸೆಲ್ ಕ್ಯಾನ್ ಹೊತ್ತು ಗುಡ್ಡ ಹತ್ತಿದ ಅನುಭವ ನನಗೇ ಇದೆ, ಹತ್ತಲಾಗದೆ ಹಿಂದಿರುಗಿದ ಅನುಭವವೂ ಇದೆ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಕಂಪನಿಗಳ ದರಪಟ್ಟಿ ನೋಡುವುದಲ್ಲ. ಮಳೆ ಬಿಟ್ಟ ದಿನ ಯಜಮಾನರು ಆ ಗುಡ್ಡಕ್ಕೆ ಹೋಗಿ, ಟವರ್‌ನ ಬುಡದಲ್ಲಿರುವ ಫಲಕವನ್ನು ಓದಿ, ಅಲ್ಲಿ ಕೆಲಸಕ್ಕೆ ಬರುವವರನ್ನು ಕೇಳಿ, ಆ ಒಂದೇ ಟವರ್‌ನ ಮೇಲೆ ಎಷ್ಟು ಕಂಪನಿಗಳ ಆಂಟೆನಾ ಇದೆ ಎಂಬುದನ್ನು ತಿಳಿದುಕೊಳ್ಳಲಿ. ಈಗ ಹೆಚ್ಚಿನ ಕಡೆ ಟವರ್‌ನ ಒಡೆತನವೇ ಬೇರೆ ಸಂಸ್ಥೆಯದು. ಎರಡು ಮೂರು ಮೊಬೈಲ್ ಕಂಪನಿಗಳು ಅದರ ಮೇಲೆ ಬಾಡಿಗೆಗಿದ್ದು ಒಂದೇ ವಿದ್ಯುತ್ ವ್ಯವಸ್ಥೆಯನ್ನು ಹಂಚಿಕೊಳ್ಳುತ್ತವೆ. ನೀವು ಸೇರುವ ಹೊಸ ಕಂಪನಿಯೂ ಅದೇ ಟವರ್‌ನಲ್ಲಿದ್ದರೆ ಸಿಮ್ ಬದಲಾದೀತೇ ಹೊರತು ಕತ್ತಲೆಯ ರಾತ್ರಿ ಬದಲಾಗುವುದಿಲ್ಲ.

ಇನ್ನೊಂದು ಸುಲಭವಾದ ಪರೀಕ್ಷೆಯಿದೆ, ಇದಕ್ಕೆ ಖರ್ಚೇ ಇಲ್ಲ. ನಿಮ್ಮ ಸಿಗ್ನಲ್ ಹೋದಾಗ ಫೋನಿನ ಪರದೆಯ ಮೇಲೆ ಏನು ಬರುತ್ತದೆ ಎಂದು ಗಮನಿಸಿ. ‘ಸೇವೆ ಇಲ್ಲ’ ಎಂದು ಬಂದರೆ ನಿಮ್ಮ ಫೋನಿಗೆ ಯಾವ ಕಂಪನಿಯ ಸಿಗ್ನಲ್ಲೂ ಸಿಗುತ್ತಿಲ್ಲ ಎಂದರ್ಥ. ‘ತುರ್ತು ಕರೆಗಳು ಮಾತ್ರ’ ಎಂದು ಬಂದರೆ ಬೇರೆ ಯಾವುದೋ ಕಂಪನಿಯ ಸಿಗ್ನಲ್ ನಿಮ್ಮ ಅಂಗಳಕ್ಕೆ ಬರುತ್ತಿದೆ, ನಿಮ್ಮ ಸಿಮ್‌ಗೆ ಅದನ್ನು ಬಳಸುವ ಹಕ್ಕಿಲ್ಲ ಅಷ್ಟೆ. ಅಂಥ ಸಮಯದಲ್ಲಿ 112ಕ್ಕೆ ಕರೆ ಮಾಡಿ ನೋಡಬೇಕು, ತುರ್ತು ಕರೆಯನ್ನು ಬೇರೆ ಕಂಪನಿಯ ಟವರ್ ಕೂಡ ತೆಗೆದುಕೊಳ್ಳುತ್ತದೆ. ಆ ರಾತ್ರಿ ಪರದೆಯ ಮೇಲೆ ಏನಿತ್ತೆಂಬುದು ಯಜಮಾನರಿಗೆ ನೆನಪಿದ್ದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಇನ್ನು ಕಡ್ಡಿ ಎಣಿಸುವುದನ್ನು ಬಿಡಿ. ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳ ಲೆಕ್ಕ ಒಂದೊಂದು ಫೋನಿನಲ್ಲಿ ಒಂದೊಂದು ಬಗೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಕಡೆ ಸಿಮ್ ಸ್ಥಿತಿ ಎಂಬುದನ್ನು ತೆರೆದರೆ ಸಿಗ್ನಲ್‌ನ ಬಲವು ಡಿಬಿಎಂ ಎಂಬ ಅಳತೆಯಲ್ಲಿ, ಋಣ ಸಂಖ್ಯೆಯಾಗಿ ಕಾಣುತ್ತದೆ. 4ಜಿಯಲ್ಲಿ ಅದು ಮೈನಸ್ 90ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಮೈನಸ್ 110 ದಾಟಿದರೆ ಮಾತು ತುಂಡಾಗತೊಡಗುತ್ತದೆ. ಮೈನಸ್ 120ರ ಹತ್ತಿರ ಕರೆ ನಿಲ್ಲುವುದೇ ಕಷ್ಟ. ಬೇರೆ ಕಂಪನಿಯ ಒಂದು ಹೊಸ ಸಿಮ್ ತಂದು, ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಹಾಕಿ, ಜಗುಲಿ, ಮಾವನವರು ಮಲಗುವ ಕೋಣೆ, ಅಡಿಗೆಮನೆ, ತೋಟ ಈ ನಾಲ್ಕೂ ಕಡೆ ಎರಡೂ ಸಿಮ್‌ಗಳ ಅಳತೆ ಬರೆದುಕೊಳ್ಳಿ. ಮಳೆ ಸುರಿಯುವಾಗ ಒಮ್ಮೆ, ಕರೆಂಟ್ ಹೋಗಿ ಆರು ಗಂಟೆಯಾದ ಮೇಲೆ ಒಮ್ಮೆ ಬರೆಯುವುದನ್ನು ಮರೆಯಬೇಡಿ. ನಿಜವಾದ ಪರೀಕ್ಷೆ ಆ ಎರಡನೆಯದೇ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಹಾಕಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ನಿಯಮ ಮಾಡಿರುವುದರಿಂದ ಅದನ್ನೂ ನೋಡಬಹುದು, ಆದರೆ ನಕ್ಷೆಗೆ ನಿಮ್ಮ ಮನೆಯ ಹಿಂದಿನ ಮಣ್ಣಿನ ದಿಬ್ಬ ಕಾಣುವುದಿಲ್ಲ.

ತರಂಗಾಂತರದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಡಿಮೆ ಮೆಗಾಹರ್ಟ್ಸ್‌ನ ತರಂಗಾಂತರಗಳು ಹೆಚ್ಚು ದೂರ ಹೋಗುತ್ತವೆ, ಮರಗಳನ್ನೂ ಮಣ್ಣಿನ ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ. ಜಿಯೋ 850 ಮೆಗಾಹರ್ಟ್ಸ್ ಅನ್ನು, ಏರ್‌ಟೆಲ್ 900 ಅನ್ನು, ಬಿಎಸ್‌ಎನ್‌ಎಲ್ ತನ್ನ 4ಜಿಗೆ 700 ಅನ್ನು ಬಳಸುತ್ತವೆ. ಕಾಗದದ ಮೇಲೆ ಕಾಡಿಗೆ ಹೇಳಿ ಮಾಡಿಸಿದ್ದು 700. ಆದರೆ ಹಳೆಯ ಫೋನುಗಳು ಆ ತರಂಗಾಂತರವನ್ನು ಹಿಡಿಯುವುದಿಲ್ಲ. ಬಿಎಸ್‌ಎನ್‌ಎಲ್ ಬಂದರೂ ನೆಟ್ ಬರಲಿಲ್ಲ ಎನ್ನುವ ಹಲವರ ಕೈಯಲ್ಲಿ ಅಂಥ ಫೋನೇ ಇರುತ್ತದೆ. ಫೋನ್ ಹಿಡಿಯುವ ತರಂಗಾಂತರಗಳ ಪಟ್ಟಿಯಲ್ಲಿ, ಈ 700ರ ಗುರುತಾದ ಬ್ಯಾಂಡ್ 28 ಇದೆಯೇ ನೋಡಿಕೊಳ್ಳಿ.


ಉತ್ತರ: ಪೇಟೆಯ ಮೊಬೈಲ್ ಅಂಗಡಿ, ಕೊಪ್ಪ

ಅಕ್ಕಾ, ಸಾಗರದ ಹಿರಿಯರು ಹೇಳಿದ ಮೇಲೆ ಸಿಗ್ನಲ್ ಬಗ್ಗೆ ನಾನು ಹೇಳುವುದು ಏನೂ ಉಳಿದಿಲ್ಲ. ಸಂಖ್ಯೆ ಕಳೆದುಹೋದೀತೆಂಬ ನಿಮ್ಮ ಹೆದರಿಕೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನನ್ನ ಅಂಗಡಿಗೆ ಬರುವವರು ಮೊದಲು ಕೇಳುವುದೇ ಅದನ್ನು. ಸಂಖ್ಯೆ ಕಳೆಯುವುದಿಲ್ಲ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಾಯಿಸುವ ಈ ಪೋರ್ಟ್ ಸೌಲಭ್ಯ ದೇಶದಾದ್ಯಂತ 2011ರ ಜನವರಿ 20ರಿಂದ ಇದೆ, ಸಂಖ್ಯೆ ನಿಮ್ಮದೇ ಆಗಿ ಉಳಿಯುತ್ತದೆ. ಕೆಟ್ಟುಹೋಗುವುದು ಸಾಮಾನ್ಯವಾಗಿ ಅವಸರದಿಂದ.

ಯಾವ ಸಂಖ್ಯೆಯನ್ನು ಬದಲಾಯಿಸಬೇಕೋ ಅದರಿಂದಲೇ, ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಆ ಹತ್ತು ಅಂಕಿಗಳನ್ನು ಸೇರಿಸಿ 1900ಕ್ಕೆ ಸಂದೇಶ ಕಳಿಸಬೇಕು. ಎಂಟು ಅಕ್ಷರಗಳ ಒಂದು ಗುರುತುಸಂಖ್ಯೆ ಬರುತ್ತದೆ, ಅದನ್ನೇ ನಾವು ಯುಪಿಸಿ ಎನ್ನುವುದು. ನಮ್ಮ ಕರ್ನಾಟಕದಲ್ಲಿ ಅದು ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಅದನ್ನೂ ಆಧಾರ್ ಅನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ ಹೊಸ ಸಿಮ್ ಕೊಡುತ್ತಾರೆ. ರಾಜ್ಯದೊಳಗಿನ ಬದಲಾವಣೆ ಮೂರು ಕೆಲಸದ ದಿನಗಳಲ್ಲಿ ಆಗಬೇಕು. ಹಳೆಯ ಸಿಮ್ ನಿಂತು ಹೊಸದು ಏಳುವ ನಡುವೆ ಕೆಲವು ಗಂಟೆ ಯಾವುದೂ ಇರುವುದಿಲ್ಲ, ಗಾಬರಿಯಾಗಬೇಡಿ. ಅರ್ಜಿ ಕೊಟ್ಟ ಮೇಲೆ ಮನಸ್ಸು ಬದಲಾದರೆ 24 ಗಂಟೆಯೊಳಗೆ ಅದೇ 1900ಕ್ಕೆ ಕ್ಯಾನ್ಸಲ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಸಂಖ್ಯೆ ಸೇರಿಸಿ ಕಳಿಸಬಹುದು.

ಆ ಯುಪಿಸಿಯನ್ನು ಫೋನಿನಲ್ಲಿ ಕೇಳಿದ ಯಾರಿಗೂ ಹೇಳಬೇಡಿ, ಕಂಪನಿಯಿಂದಲೇ ಮಾತಾಡುತ್ತಿದ್ದೇವೆ ಎಂದರೂ ಬೇಡ. ಅದು ನಿಮ್ಮ ಸಂಖ್ಯೆಯ ಬೀಗದ ಕೈ. ಸಿಮ್ ಬದಲಿಸಿ ಸಂಖ್ಯೆ ಕದಿಯುವ ಮೋಸಗಳು ಹೆಚ್ಚಾಗಿದ್ದರಿಂದಲೇ 2024ರ ಜುಲೈ 1ರಿಂದ, ಸಿಮ್ ಹಾಳಾಗಿ ಅಥವಾ ಕಳೆದು ಹೊಸದನ್ನು ಪಡೆದವರಿಗೆ ಏಳು ದಿನ ಯುಪಿಸಿ ಕೊಡಬಾರದೆಂಬ ನಿಯಮ ಬಂತು.

ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಅರ್ಜಿಗಳು ನಿಲ್ಲುವುದು ಹೆಸರಿನ ಗೊಂದಲದಿಂದ. ಮಾವನವರ ಸಿಮ್ ಯಾರ ಹೆಸರಿನಲ್ಲಿದೆ ಎಂದು ದಯವಿಟ್ಟು ಈಗಲೇ ವಿಚಾರಿಸಿ. ಹದಿನೆಂಟು ವರ್ಷದ ಹಿಂದೆ ಮಗನೋ, ಅಳಿಯನೋ, ತೋಟದ ಲೆಕ್ಕ ಬರೆಯುವವರೋ ತಮ್ಮ ಗುರುತಿನ ಚೀಟಿ ಕೊಟ್ಟು ತಂದ ಸಿಮ್‌ಗಳು ಇಂದಿಗೂ ಅವರ ಹೆಸರಿನಲ್ಲೇ ಇವೆ. ಹಾಗಿದ್ದರೆ ಆ ವ್ಯಕ್ತಿಯೇ ಬರಬೇಕು, ಇಲ್ಲವೇ ಮೊದಲು ಹೆಸರು ಬದಲಾಯಿಸಿಕೊಂಡು ಆ ಕೆಲಸ ಮುಗಿದ ಮೇಲೆ ಪೋರ್ಟ್‌ಗೆ ಕೊಡಬೇಕು. ಪೋಸ್ಟ್‌ಪೇಯ್ಡ್ ಆಗಿದ್ದರೆ ಬಿಲ್ ಬಾಕಿ ಇರಬಾರದು. ಪ್ರೀಪೇಯ್ಡ್ ಆಗಿದ್ದರೆ ಉಳಿದ ಹಣವೂ ಪ್ಯಾಕಿನ ಉಳಿದ ದಿನಗಳೂ ಹೊಸ ಕಂಪನಿಗೆ ಬರುವುದಿಲ್ಲ, ಆದ್ದರಿಂದ ಈಗಿನ ರೀಚಾರ್ಜ್ ಮುಗಿಯುವ ವಾರ ನೋಡಿಕೊಂಡು ಹೋಗುವುದು ಒಳ್ಳೆಯದು.

ಬ್ಯಾಂಕಿಗೆ ಹೋಗಿ ಸಂಖ್ಯೆ ಬದಲಾಯಿಸಬೇಕಾಗಿಲ್ಲ. ಆದರೆ ಹೊಸ ಸಿಮ್ ಹಾಕಿದ ಮೇಲೆ ಫೋನ್‌ಪೇ, ಗೂಗಲ್‌ಪೇಯಂಥ ಯುಪಿಐ ಆ್ಯಪ್‌ಗಳು ಸಂಖ್ಯೆಯನ್ನು ಮತ್ತೊಮ್ಮೆ ದೃಢಪಡಿಸಿಕೊಳ್ಳಲು ಕೇಳುತ್ತವೆ, ಓಟಿಪಿ ಸಂದೇಶಗಳು ಒಂದು ದಿನ ತಡವಾಗುವುದೂ ಉಂಟು. ಸೊಸೈಟಿಯಿಂದ ಅಡಿಕೆ ಹಣ ಬರುವ ವಾರ, ಮಗನ ಕಾಲೇಜು ಶುಲ್ಕ ಕಟ್ಟುವ ವಾರ ಈ ಕೆಲಸ ಇಟ್ಟುಕೊಳ್ಳಬೇಡಿ.


ಉತ್ತರ: ತೋಟಿಗ, ಶಿರಸಿ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬದಲಾಯಿಸುವುದೇ ಪರಿಹಾರವೆಂದು ನಾನು ನಂಬುವುದಿಲ್ಲ. ನಾನು ಬದಲಾಯಿಸಿ ಪೆಟ್ಟು ತಿಂದವನು. ಏಪ್ರಿಲ್ ತಿಂಗಳಲ್ಲಿ ನೆರೆಮನೆಯವರ ಫೋನಿನಲ್ಲಿ ಪೂರ್ತಿ ಸಿಗ್ನಲ್ ನೋಡಿ, ಅದೇ ವಾರ ಮನೆಯ ಎಲ್ಲ ಸಂಖ್ಯೆಗಳನ್ನೂ ಅವರ ಕಂಪನಿಗೆ ಒಯ್ದೆ. ಜೂನ್‌ನಲ್ಲಿ ಆರಿದ್ರೆ ಹಿಡಿದು, ಮರಗಳ ಎಲೆಯೆಲ್ಲ ನೀರು ಕುಡಿದು ನಿಂತ ಮೇಲೆ ಒಳಗಿನ ಕೋಣೆಗಳಲ್ಲಿ ಸಿಗ್ನಲ್ ಪೂರಾ ಹೋಯಿತು. ಹಿಂದಿರುಗೋಣವೆಂದರೆ ಒಮ್ಮೆ ಬದಲಾಯಿಸಿದ ಮೇಲೆ 90 ದಿನ ಅಲ್ಲೇ ಇರಬೇಕೆಂಬ ನಿಯಮ. ಅರ್ಧ ಮಳೆಗಾಲ ಹಾಗೆಯೇ ಕಳೆದೆವು. ಕೊಳೆರೋಗಕ್ಕೆ ಔಷಧಿ ಹೊಡೆಯುವ ಆಳುಗಳಿಗೆ ಬನ್ನಿ ಎಂದು ಹೇಳಲು ದಿನಾ ಬೆಳಿಗ್ಗೆ ಬೈಕಿನಲ್ಲಿ ಹೋಗುತ್ತಿದ್ದೆ.

ಈಗ ನಮ್ಮ ಮನೆಯಲ್ಲಿರುವ ವ್ಯವಸ್ಥೆ ಬೇರೆ. ಊರಿಗೆ ಬಂದ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡೆವು, ಫೋನಿನಲ್ಲಿ ವೈಫೈ ಕರೆಯನ್ನು ಚಾಲೂ ಮಾಡಿಕೊಂಡೆವು. ಏರ್‌ಟೆಲ್, ಜಿಯೋಗಳಲ್ಲಿ ಇದು 2020ರ ಆರಂಭದಿಂದಲೇ ಇದೆ, ಬೇರೆ ಆ್ಯಪ್ ಬೇಕಿಲ್ಲ, ಪ್ರತ್ಯೇಕ ಶುಲ್ಕವೂ ಇಲ್ಲ. ಟವರ್‌ನ ಬದಲು ಮನೆಯ ವೈಫೈ ಮೂಲಕ ಮಾಮೂಲಿ ಸಂಖ್ಯೆಯಿಂದಲೇ ಕರೆ ಹೋಗುತ್ತದೆ, ಅಡಿಗೆಮನೆಯಲ್ಲಿ ನಿಂತು ಮಾತಾಡಬಹುದು. ಆ ಮೋಡೆಮ್‌ಗೆಂದೇ ಸಿಗುವ, ಅಂಗೈ ಅಗಲದ ಸಣ್ಣ ಯುಪಿಎಸ್ ಒಂದನ್ನು ಜೋಡಿಸಿದ್ದೇವೆ. ಕರೆಂಟ್ ಹೋದ ಮೇಲೂ ಮೂರು ನಾಲ್ಕು ಗಂಟೆ ನಡೆಯುತ್ತದೆ, ಇನ್ವರ್ಟರ್‌ಗೆ ಸೇರಿಸಿದರೆ ಇಡೀ ರಾತ್ರಿ. ಫೈಬರ್ ಎಳೆಗೆ ದಾರಿಯುದ್ದಕ್ಕೂ ವಿದ್ಯುತ್ ಬೇಕಾಗಿಲ್ಲ, ಎರಡು ತುದಿಗಳಲ್ಲಿ ಇದ್ದರೆ ಸಾಕು.

ಅದಕ್ಕೂ ಕೊರತೆಯಿದೆ, ಮುಚ್ಚಿಡುವುದಿಲ್ಲ. ವಿದ್ಯುತ್ ಕಂಬದ ಮೇಲೆಯೇ ಎಳೆದ ತಂತಿಯಾದ್ದರಿಂದ ಮರ ಬಿದ್ದರೆ ಅದೂ ಹರಿಯುತ್ತದೆ. ಆದರೆ ಟವರ್ ಮತ್ತು ಫೈಬರ್ ಎರಡೂ ಒಟ್ಟಿಗೆ ಹೋದ ರಾತ್ರಿಗಳು ನಮ್ಮಲ್ಲಿ ಕಳೆದ ಮಳೆಗಾಲದಲ್ಲಿ ಎರಡೇ. ಮೇಡಂ ಅವರ ಮನೆಗೆ ಒಂದೇ ದಾರಿ ಇರುವುದು ತೊಂದರೆಗೆ ಮೂಲ. ಕಂಪನಿ ಬದಲಾಯಿಸಿದರೆ ಆ ಒಂದು ದಾರಿಯ ಬದಲು ಇನ್ನೊಂದು ಒಂಟಿ ದಾರಿ ಸಿಗುತ್ತದೆ. ಅಗ್ಗದ ಪ್ಯಾಕಿನಲ್ಲಿ ಎರಡನೆಯ ಸಿಮ್ ಇಟ್ಟುಕೊಳ್ಳಿ. 2025ರ ಜನವರಿಯಿಂದ ಕರೆ ಮತ್ತು ಸಂದೇಶಗಳಿಗೆ ಮಾತ್ರವೇ ಇರುವ ಪ್ಯಾಕ್‌ಗಳನ್ನೂ ಕಂಪನಿಗಳು ಟ್ರಾಯ್ ಆದೇಶದಂತೆ ಕೊಡುತ್ತಿವೆ, ನೆಟ್‌ಗೆ ದುಡ್ಡು ತೆರಬೇಕಾಗಿಲ್ಲ. ಒಂದೇ ಎಚ್ಚರಿಕೆ, 90 ದಿನ ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪನಿ ರದ್ದು ಮಾಡಬಹುದು, ಆಗಾಗ ಅದರಿಂದ ಒಂದು ಕರೆ ಮಾಡುತ್ತಿರಬೇಕು.


ಉತ್ತರ: ಗಡಿನಾಡಿನವ, ಕಾಸರಗೋಡು

ಮಾವನವರ ಕೀಪ್ಯಾಡ್ ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. 4ಜಿ ಹಿಡಿಯದ ಹಳೆಯ ಕೀಪ್ಯಾಡ್ ಫೋನಿಗೆ ಆ ಸಿಮ್ ಹಾಕಿದರೆ ಕರೆಯೇ ಹೋಗುವುದಿಲ್ಲ. ನನ್ನ ತಂದೆಯವರ ಸಂಖ್ಯೆಯನ್ನು ಒಂದು ಕಂಪನಿಗೆ ಬದಲಾಯಿಸಿ, ಸಿಮ್ ಎದ್ದಿದೆ ಎಂದು ಸಂದೇಶ ಬಂದ ಮೇಲೂ ಫೋನ್ ಸತ್ತಂತೆ ಬಿದ್ದಿದ್ದಾಗ ನಮಗೆ ಇದು ತಿಳಿಯಿತು. ಹಿರಿಯರ ಸಂಖ್ಯೆ ಬದಲಾಯಿಸುವ ಮೊದಲು 4ಜಿ ಇರುವ ಕೀಪ್ಯಾಡ್ ಫೋನ್ ತಂದು, ಅವರ ಬೆರಳಿಗೆ ಅದು ಅಭ್ಯಾಸವಾಗುವವರೆಗೆ ಹಳೆಯ ಸಿಮ್‌ನಲ್ಲೇ ಬಳಸಲು ಬಿಡಿ.

ಇನ್ನೊಂದು ಸಣ್ಣ ವಿಷಯ. ನಮ್ಮಂತೆ ಒಂದು ರಾಜ್ಯದ ಸಂಖ್ಯೆಯನ್ನು ಇನ್ನೊಂದು ರಾಜ್ಯಕ್ಕೆ ಒಯ್ಯುವವರಿಗೂ 2015ರ ಜುಲೈ 3ರಿಂದ ಅವಕಾಶವಿದೆ, ಮೂರರ ಬದಲು ಐದು ಕೆಲಸದ ದಿನಗಳು ಹಿಡಿಯುತ್ತವೆ. ನಾನು ಮಂಗಳೂರಿನ ಸಂಖ್ಯೆಯನ್ನು ಕೇರಳ ವಲಯಕ್ಕೆ ತಂದದ್ದು ಹಾಗೆ.


ಪ್ರಶ್ನೆ ಕೇಳಿದವರಿಂದ: ಹೊಳೆಯಂಚಿನ ಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಐದು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ನೀವು ಹೇಳಿದ ಪರೀಕ್ಷೆಯನ್ನು ಮಳೆಯಲ್ಲೇ ಮಾಡಿ ಮುಗಿಸಬೇಕಿತ್ತು.

ಆ ರಾತ್ರಿ ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದೇ ಇತ್ತೆಂದು ಯಜಮಾನರು ನೆನಪಿಸಿಕೊಂಡರು. 112ಕ್ಕೆ ಕರೆ ಮಾಡಬಹುದಿತ್ತೆಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಅದನ್ನು ಓದಿದ ದಿನವೇ ಆ ಮೂರು ಅಂಕಿಗಳನ್ನು ದೊಡ್ಡದಾಗಿ ಬರೆದು ಮಾವನವರ ಮಂಚದ ಮೇಲಿನ ಗೋಡೆಗೆ ಅಂಟಿಸಿದೆ.

ಗುಡ್ಡಕ್ಕೆ ಹೋಗಿ ನೋಡಿದಾಗ ನಮ್ಮ ಕಂಪನಿಯ ಜೊತೆಗೆ ಇನ್ನೊಂದು ಕಂಪನಿಯೂ ಅದೇ ಟವರ್‌ನಲ್ಲಿದೆ ಎಂದು ಗೊತ್ತಾಯಿತು. ಮಗ ಸೂಚಿಸಿದ್ದೂ ಅದನ್ನೇ, ಆದ್ದರಿಂದ ಅದನ್ನು ಕೈಬಿಟ್ಟೆವು. ಉಳಿದ ಎರಡು ಕಂಪನಿಗಳ ಸಿಮ್‌ಗಳನ್ನು ತಂದು ಅಳತೆಗಳನ್ನು ನನ್ನ ಪಾಠಯೋಜನೆಯ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತಾ ಬಂದೆ. ಒಂದರ ಅಳತೆ ಜಗುಲಿಯಲ್ಲಿ ಮೈನಸ್ 92, ಮಾವನವರ ಕೋಣೆಯಲ್ಲಿ ಮೈನಸ್ 115. ಇನ್ನೊಂದು ಜಗುಲಿಯಲ್ಲಿ ಅಷ್ಟೇನೂ ಚೆನ್ನಾಗಿಲ್ಲ, ಮೈನಸ್ 101. ಆದರೆ ಮಾವನವರ ಕೋಣೆಯಲ್ಲೂ ಮೈನಸ್ 106ಕ್ಕಿಂತ ಕೆಳಗೆ ಇಳಿಯಲಿಲ್ಲ. ಹೋದ ಮಂಗಳವಾರ ಹನ್ನೊಂದು ಗಂಟೆ ಕರೆಂಟ್ ಇರಲಿಲ್ಲ. ನಮ್ಮ ಹಳೆಯ ಕಂಪನಿಯ ಸಿಗ್ನಲ್ ಮೂರನೆಯ ಗಂಟೆಯಲ್ಲಿ, ಮೊದಲನೆಯ ಹೊಸ ಸಿಮ್ಮಿನದು ಐದನೆಯ ಗಂಟೆಯಲ್ಲಿ ಹೋಯಿತು. ಎರಡನೆಯದರಲ್ಲಿ ರಾತ್ರಿ ಹತ್ತಕ್ಕೆ, ಮಾವನವರ ಮಂಚದ ಪಕ್ಕ ನಿಂತು ಮಗನಿಗೆ ಕರೆ ಮಾಡಿದೆ. ಇದೇನು, ಅಮ್ಮನ ಧ್ವನಿ ಒಳಗಿನ ಕೋಣೆಯಿಂದ ಬರುತ್ತಿದೆಯೇ ಎಂದು ಅವನು ಕೇಳಿದ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಹೊಳೆಯ ಇನ್ನೊಂದು ತಿರುವಿನಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಅದೇ ಸಿಮ್ ಸ್ವಲ್ಪವೂ ಹಿಡಿಯಲಿಲ್ಲ.

ಕೊಪ್ಪದವರು ಎಚ್ಚರಿಸಿದ್ದು ನಮ್ಮಲ್ಲೂ ನಿಜವಾಯಿತು, ಮಾವನವರ ಸಿಮ್ ತೀರಿಕೊಂಡ ಭಾವನವರ ಹೆಸರಿನಲ್ಲಿದೆ. ಅದನ್ನು ಮಾವನವರ ಹೆಸರಿಗೆ ಮಾಡಿಸಲು ಮರಣಪತ್ರದ ಪ್ರತಿಯೊಂದಿಗೆ ಅರ್ಜಿ ಕೊಟ್ಟಿದ್ದೇವೆ. ಅಲ್ಲಿಯವರೆಗೆ ಅವರು 4ಜಿ ಕೀಪ್ಯಾಡ್ ಫೋನನ್ನು ಹಳೆಯ ಸಿಮ್‌ನಲ್ಲೇ ಬಳಸುತ್ತಿದ್ದಾರೆ. ಬ್ಯಾಂಕ್, ಸೊಸೈಟಿಗಳಿಗೆ ಸೇರಿದ ನನ್ನ ಸಂಖ್ಯೆಯನ್ನು ಸದ್ಯಕ್ಕೆ ಮುಟ್ಟುತ್ತಿಲ್ಲ. ಶಿರಸಿಯವರ ಮಾತಿನಂತೆ ಹೊಸ ಸಿಮ್ ನನ್ನ ಫೋನಿನಲ್ಲಿ ಎರಡನೆಯ ದಾರಿಯಾಗಿ ಇರುತ್ತದೆ. ಫೈಬರ್ ನಮ್ಮ ಕಡೆಗೆ ಇನ್ನೂ ಬಂದಿಲ್ಲ. ಯಜಮಾನರ ಸಂಖ್ಯೆಯನ್ನು ಮಾತ್ರ ಬದಲಾಯಿಸುತ್ತಿದ್ದೇವೆ. ನಿನ್ನೆ ಅವರ ಪ್ಯಾಕ್ ಮುಗಿಯಲು ಆರು ದಿನ ಉಳಿದಿರುವಾಗ 1900ಕ್ಕೆ ಸಂದೇಶ ಕಳಿಸಿ, ಬಂದ ಎಂಟು ಅಕ್ಷರಗಳನ್ನು ಅದೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ನಾಳೆ ಸಂತೆಯ ದಿನ, ಪೇಟೆಗೆ ಹೋದಾಗ ಸಿಮ್ ತರುತ್ತಾರೆ.